ಸೋದರತ್ತೆಯ ಮನೆ ಕಂದಾಯ

ನನ್ನ ಸೋದರತ್ತೆಗೆ ಮಧುಗಿರಿಯಲ್ಲಿ ಒಂದು ಪುಟ್ಟ ಹೆಂಚಿನ ಮನೆಯಿತ್ತು. ಗಂಡ ತೀರಿಕೊಂಡ ಮೇಲೆ ಅಲ್ಲಿ ಒಬ್ಬರೇ ಇದ್ದರು. ಮಹಾರಾಜರ ಕಾಲ. ಮುನಿಸಿಪಾಲಿಟಿಯವರು ಮನೆ ಕಂದಾಯ ಏರಿಸಿದ್ದರು. ಆದರೆ ದುಡಿದು ಹಾಕುವವರಿಲ್ಲದ ಹೆಂಗಸು ಸ್ವಂತ ಮನೆಯಲ್ಲಿ ತಾನೇ ವಾಸವಿದ್ದರೆ ಕಂದಾಯ ಮಾಫಿ. ವಾಸ ನಿಜವೇ ಎಂದು ಇನ್‌ಸ್ಪೆಕ್ಟರು ಬಂದು ನೋಡಬೇಕು, ಅಷ್ಟೆ. ಮಾಫಿ ಸಿಗದಿದ್ದರೆ ಅತ್ತೆ ಮನೆಯನ್ನು ಬಾಡಿಗೆಗೆ ಕೊಟ್ಟು ಕೊಡಿಗೇನಹಳ್ಳಿಯ ನಮ್ಮ ಮನೆ ಸೇರಬೇಕಿತ್ತು. ಅವರಿಗೆ ಅದು ಸುತರಾಂ ಇಷ್ಟವಿರಲಿಲ್ಲ. "ನನ್ನ ಒಲೆ ಮುಂದೇನೇ ನಾನು ಸಾಯ್ಬೇಕು ಕಣಮ್ಮ" ಅನ್ನುತ್ತಿದ್ದರು.

ಇನ್‌ಸ್ಪೆಕ್ಟರು ಬರುವ ಸುದ್ದಿ ತಿಳಿದದ್ದೇ ಅಪ್ಪ, ಅಮ್ಮ, ನಾನು ಗಾಡಿ ಕಟ್ಟಿಕೊಂಡು ಹೋದೆವು. ಸರ್ಕಾರದವರು ಮನೆಗೆ ಕಾಲಿಡುತ್ತಾರೆಂದರೆ ನಮ್ಮ ಜನಕ್ಕೆ ದೇವರೇ ಬಂದ ಹಾಗೆ. ಗೋಡೆಗೆ ಸುಣ್ಣ ಬಳಿದೆವು. ಒಲೆಯ ಬೂದಿ ತೆಗೆದು, ಮಸಿ ಉಜ್ಜಿ, ಕೆಮ್ಮಣ್ಣು ಸಾರಿಸಿ ರಂಗೋಲಿ ಎಳೆದೆವು. ಹರಕು ಕೌದಿ, ಸೊಟ್ಟ ಪಾತ್ರೆ, ಮುಕ್ಕಾದ ಮಡಕೆ ಎಲ್ಲವನ್ನೂ ಹಿಂದಿನ ಮನೆಯವರ ಕೊಟ್ಟಿಗೆಗೆ ಸಾಗಿಸಿದೆವು.

"ಯಾಕ್ಲಾ ಇದೆಲ್ಲ?" ಎಂದು ಅತ್ತೆ ಗೊಣಗಿದರು.

"ನೀನ್ ಸುಮ್ಕಿರಕ್ಕ, ಮರ್ಯಾದೆ ಬ್ಯಾಡ್ವಾ?" ಎಂದು ಅಪ್ಪ ಗದರಿದರು. ನಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ!

ಅವತ್ತು ಸೋಮವಾರ ಬೇರೆ. ಅತ್ತೆಗೆ ಒಪ್ಪತ್ತು; ಸಂಜೆ ಶಿವಪೂಜೆ ಆಗುವ ತನಕ ಒಲೆ ಹೊತ್ತಿಸುವಂತಿರಲಿಲ್ಲ.

ಇನ್‌ಸ್ಪೆಕ್ಟರು ಒಳ್ಳೆಯವರೇ. ಚಪ್ಪಲಿ ಹೊರಗೆ ಬಿಟ್ಟು ಬಂದರು. ಅಡುಗೆಮನೆ ಇಣುಕಿ, ತಣ್ಣಗಿದ್ದ ಒಲೆಯನ್ನು ಮುಟ್ಟಿ ನೋಡಿದರು.

"ಇಲ್ಲಿ ಯಾರೂ ಬೇಯಿಸಿ ತಿಂದ ಹಂಗೆ ಕಾಣಲ್ವಲ್ಲಮ್ಮ?"

"ಅಯ್ಯೋ, ನಾನೇ ಇರಾದು ಸ್ವಾಮಿ. ಬಿಸಿಲಲ್ಲಿ ಬಂದಿದೀರ, ಮೊದ್ಲು ನೀರು ಕುಡೀರಿ" ಎಂದು ಅತ್ತೆ ಒಳಗೆ ಹೋದರು. ಬಿಂದಿಗೆಯಿಲ್ಲ, ಚೊಂಬಿಲ್ಲ, ಅವೂ ಕೊಟ್ಟಿಗೆ ಸೇರಿದ್ದವು. ಬಂದವರನ್ನು ಬಾಯಾರಿಸಿ ಕೂರಿಸುವುದುಂಟೇ? ಪಕ್ಕದ ಮನೆಗೆ ಓಡಿ ಒಂದು ಲೋಟ ನೀರು ತಂದುಕೊಟ್ಟರು.

ಇನ್‌ಸ್ಪೆಕ್ಟರು ಕುಡಿದು ಲೋಟ ಕೆಳಗಿಟ್ಟರು. "ಇದೇ ಮನೇಲಿ ಇರೋರು ನೀರಿಗೆ ಪಕ್ಕದ ಮನೆಗೆ ಹೋಗ್ತಾರಾ?"

ಆಗ ಅಪ್ಪನಿಗೆ ಜ್ಞಾನೋದಯವಾಯಿತು. ಅವರನ್ನು ಕೊಟ್ಟಿಗೆಗೆ ಕರೆದೊಯ್ದು ಎಲ್ಲವನ್ನೂ ತೋರಿಸಿದರು. ಇನ್ನೊಬ್ಬರ ಕೊಟ್ಟಿಗೆಯಲ್ಲಿದ್ದ ಮಡಕೆಗಳನ್ನು ನಮ್ಮವು ಎಂದರೆ ಯಾರು ನಂಬುತ್ತಾರೆ? ನಂಬದೇ ಹೋದದ್ದು ಅವರ ತಪ್ಪಲ್ಲ.

ಮಾಫಿ ಸಿಗಲಿಲ್ಲ. ಅತ್ತೆ ನಮ್ಮ ಮನೆಗೆ ಬಂದರು. ಯಾರನ್ನೂ ಒಂದು ಮಾತು ಅನ್ನಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ನಮಗೆಷ್ಟೋ ಹಗುರಾಗುತ್ತಿತ್ತು.

ಒಮ್ಮೆ ಸಂತೆಗೆಂದು ಮಧುಗಿರಿಗೆ ಹೋದಾಗ ಅತ್ತೆ ಆ ಮನೆಯ ಕಡೆ ತಿರುಗಿದರು. ನಾನೂ ಹಿಂದೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಬಾಡಿಗೆಯವಳು ಮುದ್ದೆ ತೊಳಸುತ್ತಿದ್ದಳು. ಅತ್ತೆ ಹೊಸಿಲಿನ ಈಚೆಗೇ ನಿಂತರು. ಅವಳು ತಿರುಗಿ ನೋಡಿ "ಬನ್ನಿ, ಒಳಕ್ಕೆ ಬನ್ನಿ" ಎನ್ನುವವರೆಗೂ ಒಳಗೆ ಕಾಲಿಡಲಿಲ್ಲ.