ನೀರುಗಂಟಿ ಉಗ್ರಪ್ಪನ ಸನಿಕೆ

ಜರಗನಹಳ್ಳಿಯಲ್ಲಿ ಉಗ್ರಪ್ಪನ ಎದುರಿಗೆ ಸಿಕ್ಕಿಬೀಳುವುದೆಂದರೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದಂತೆ. ಯಾರು, ಯಾವೂರು, ಯಾಕೆ ಬಂದೆ, ಯಾರು ಕಳಿಸಿದರು ಎಂದು ಕೇಳದೆ ಆತ ಯಾರಿಗೂ ದಾರಿ ಬಿಟ್ಟವನಲ್ಲ. ಹಾಲಿನವನು ಬೇಗ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ. “ನಿಮ್ಮಪ್ಪ ತನ್ನ ನೆರಳನ್ನೂ ನಿಲ್ಲಿಸಿ ಅಡ್ರೆಸ್ ಕೇಳ್ತಾನೆ” ಎಂದು ಹೆಂಡತಿ ಚಿಕ್ಕತಾಯಮ್ಮ ಮಕ್ಕಳ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಕೆರೆ ಏರಿಯ ಕೆಳಗೆ ಹಿಂದೆ ಗದ್ದೆಗಳಿದ್ದವು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಉಗ್ರಪ್ಪನ ಮನೆತನದ ಕೆಲಸ. ಕಣ್ಣೆದುರಿಗೇ ಗದ್ದೆಗಳೆಲ್ಲ ಬಾಡಿಗೆ ಮನೆಗಳಾದವು. ನೀರು ಕೇಳುವವರೇ ಇಲ್ಲದ ನೀರುಗಂಟಿಗೆ ಕೊನೆಗೆ ಉಳಿದದ್ದು ಕೆರೆಯ ಮೇಲ್ಬದಿಯ, ಜೊಂಡು ಬೆಳೆದ ಮೂರು ಹೊಂಡಗಳು ಮಾತ್ರ.

ನೋಡಿದವರಿಗೆ ಅವು ಕೊಚ್ಚೆ ಗುಂಡಿಗಳು. ಉಗ್ರಪ್ಪನಿಗೆ ಬಾಣಂತಿಕೋಣೆಗಳು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆರೆ ಉಕ್ಕಿ ಹೊಂಡಗಳನ್ನು ಮುಟ್ಟುತ್ತದೆ. ಗೆಂಡೆ ಮೀನುಗಳು ಎದುರು ನೀರು ಹತ್ತಿ ಬಂದು ಜೊಂಡಿನ ಬುಡದಲ್ಲಿ ಮೊಟ್ಟೆ ಇಡುತ್ತವೆ. ನೀರು ಇಳಿಯುತ್ತಿದ್ದಂತೆ ಉಗ್ರಪ್ಪ ಮಣ್ಣಿನ ಬದು ಕಟ್ಟುತ್ತಾನೆ. ಮರಿಗಳು ಒಳಗೇ ಬೆಳೆಯುತ್ತವೆ. ಎರಡನೆಯ ದೊಡ್ಡ ಮಳೆ ಬಂದಾಗ ಬದು ಕಡಿದರೆ, ಮರಿಗಳು ಹೊಸ ನೀರಿನ ಜೊತೆ ಕೆರೆಗೆ ಇಳಿಯುತ್ತವೆ. ಕಡಿಯುವುದು ನೀರುಗಂಟಿಯೇ, ಅವನ ಸನಿಕೆಯಿಂದಲೇ. ಆ ಸನಿಕೆಯನ್ನು ಉಗ್ರಪ್ಪನ ಅಪ್ಪ ಸಾಯುವ ತನಕ ಉಗ್ರಪ್ಪನಿಗೂ ಮುಟ್ಟಗೊಟ್ಟಿರಲಿಲ್ಲ. ಉಗ್ರಪ್ಪನೂ ತನ್ನ ಮಕ್ಕಳಿಗೆ ಕೊಟ್ಟಿರಲಿಲ್ಲ.

ಎರಡು ಸಾವಿರದ ಒಂದನೇ ಇಸವಿ. ಮೊದಲ ಮಳೆ ಚೆನ್ನಾಗಿ ಬಂತು, ಮೀನು ಹತ್ತಿದವು, ಬದು ಕಟ್ಟಿದ್ದಾಯಿತು. ಆಮೇಲೆ ಮಳೆ ಕೈಕೊಟ್ಟಿತು. ಅದೇ ಹೊತ್ತಿಗೆ ಬೈಕೊಂದು ಪ್ರತಿ ಭಾನುವಾರ ಬೆಳಿಗ್ಗೆ ಹೊಂಡಗಳ ಪಕ್ಕ ನಿಲ್ಲತೊಡಗಿತು.

ಬೈಕಿನವನ ಹೆಸರು ಗುರುಸಿದ್ದ. ಬಾಗಲಕೋಟೆ ಕಡೆಯವನು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು, ಬೋರ್‌ವೆಲ್ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ಬಂದವನು ಬಾಟಲಿಯಲ್ಲಿ ನೀರು ತುಂಬಿಕೊಳ್ಳುವನು, ಪುಸ್ತಕದಲ್ಲಿ ಏನೋ ಗೀಚುವನು. ಮೂರನೆಯ ಭಾನುವಾರ ಹೊಂಡಗಳ ಅಂಚಿಗೆ ಕೆಂಪು ಬಣ್ಣದ ಗೂಟಗಳನ್ನೇ ನೆಟ್ಟ.

ಕೆಂಪು ಗೂಟ ಕಂಡರೆ ಜರಗನಹಳ್ಳಿಯಲ್ಲಿ ಕೂಸಿಗೂ ಗೊತ್ತು, ಅದು ಸೈಟಿನ ಅಳತೆ.

“ಯಾವ್ ಲೇಔಟ್‌ನೋರು ಕಳಿಸಿದ್ದು ನಿನ್ನ?” ಉಗ್ರಪ್ಪ ಬೈಕಿಗೆ ಅಡ್ಡ ನಿಂತ.

“ಯಾರೂ ಕಳಿಸಿಲ್ರೀ ಯಜಮಾನ್ರ. ನೀರು ವಾರಕ್ಕ ಎಷ್ಟು ಇಳೀತದ ಅಂತ ಗುರುತು ಹಾಕೇನಿ. ನಮ್ಮೂರಾಗ ಹೊಳಿ ದಂಡಿಗೆ ಇಂಥವ ಮಡು ಇದ್ದೂರಿ. ಎಲ್ಲಾ ಡ್ಯಾಮಿನ ಹಿನ್ನೀರಾಗ ಮುಳುಗಿ ಹೋದೂ. ಇಲ್ಲಿ ಮೀನಿನ ಮರಿ ಕಂಡು ಜೀವಕ್ಕ ಹಿತ ಅನಿಸ್ತು.”

ಕಥೆ ಚೆನ್ನಾಗಿದೆ, ಆದರೆ ಬ್ರೋಕರುಗಳ ಕಥೆ ಯಾವತ್ತೂ ಚೆನ್ನಾಗಿಯೇ ಇರುತ್ತದೆ ಎಂದುಕೊಂಡ ಉಗ್ರಪ್ಪ. ಗುರುಸಿದ್ದ ಹೋದ ಮೇಲೆ ಗೂಟಗಳನ್ನೆಲ್ಲ ಕಿತ್ತು ಮನೆಗೆ ತಂದ. ಚಿಕ್ಕತಾಯಮ್ಮ ಅವನ್ನು ಒಲೆಗೆ ಹಾಕಿ ಸ್ನಾನದ ನೀರು ಕಾಯಿಸಿದಳು.

ಮುಂದಿನ ಭಾನುವಾರ ಗುರುಸಿದ್ದ ಗೂಟಗಳ ಮಾತೇ ಎತ್ತಲಿಲ್ಲ. ಮುಖ ಸಪ್ಪಗಿತ್ತು. “ಯಜಮಾನ್ರ, ಒಂದು ಮಾತು. ಈ ವರ್ಷ ಬದು ಕಡೀಬ್ಯಾಡ್ರಿ. ಹೊಂಡ ಬ್ಯಾರೆ, ಕೆರಿ ಬ್ಯಾರೆ ಇರ್ಲಿ.”

ಉಗ್ರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ಆತ ಮೊದಲೂ ಕೇಳಿದ್ದ. ಪಕ್ಕದ ಊರಿನ ಕೆರೆಯ ಹೊಂಡಗಳನ್ನು ಲೇಔಟಿನವರು ನುಂಗಿದ್ದೇ ಹೀಗೆ. ಮೊದಲು ನಡುವೆ ಬದು ಗಟ್ಟಿ ಮಾಡಿದರು, ಮಾರನೆಯ ವರ್ಷ “ಇದು ಕೆರೆಯಲ್ಲ, ಬರೀ ಗುಂಡಿ” ಎಂದರು, ಆಮೇಲೆ ಲಾರಿಗಟ್ಟಲೆ ಮಣ್ಣು ಸುರಿದರು. ಕಳ್ಳ ತಾನಾಗಿ ಬಾಯಿಬಿಟ್ಟ ಎಂದುಕೊಂಡ.

“ಯಾಕೆ ಕಡೀಬಾರ್ದು?” ಎಂದು ಒಂದು ಮಾತು ಕೇಳಿದ್ದರೆ ಆಗಿತ್ತು. ಜೀವಮಾನವೆಲ್ಲ ಪ್ರಶ್ನೆ ಕೇಳಿದ ಮನುಷ್ಯ ಅವತ್ತು ಕೇಳಬೇಕಾದ್ದನ್ನು ಕೇಳಲಿಲ್ಲ. “ನಡಿ ಇಲ್ಲಿಂದ” ಎಂದು ಅಟ್ಟಿದ.

ಆ ವಾರವೆಲ್ಲ ಆತನಿಗೆ ಅನ್ನ ರುಚಿಸಲಿಲ್ಲ. ಶನಿವಾರ ಸಂಜೆ, ಮಳೆಯ ಸುಳಿವೇ ಇಲ್ಲದಿದ್ದರೂ ಸನಿಕೆ ಹೊತ್ತು ಹೊರಟ. ಹೊಂಡ ಕೆರೆಗೆ ಸೇರಿದ್ದು ಎಂದು ಲೋಕಕ್ಕೆ ಕಾಣಲಿ ಎಂಬ ಹಟ. ಮೊದಲ ಬದು ಕಡಿದ, ಎರಡನೆಯದನ್ನೂ ಕಡಿದ. ನೀರು ಜುಳುಜುಳು ಇಳಿಯಿತು. ಮರಿಗಳು ಗುಂಪುಗುಂಪಾಗಿ ಅದರ ಜೊತೆ ಹೋದವು. ಸೊಂಟ ಹಿಡಿದುಕೊಂಡದ್ದರಿಂದ ಮೂರನೆಯದನ್ನು ಬೆಳಿಗ್ಗೆಗೆ ಬಿಟ್ಟ.

ಬೆಳಿಗ್ಗೆ ಕೆರೆಯಂಚಿನ ಕಪ್ಪು ನೀರಿನ ಮೇಲೆ ಅವಲಕ್ಕಿ ಚೆಲ್ಲಿದಂತೆ ಬೆಳ್ಳಗೆ ಹರಡಿತ್ತು. ಹತ್ತಿರ ಹೋಗಿ ನೋಡಿದರೆ ಮರಿಗಳು. ಒಂದೂ ಅಲುಗುತ್ತಿರಲಿಲ್ಲ.

ಬೈಕಿನ ಸದ್ದು ಕೇಳಿದ್ದೇ ತಡ, ಉಗ್ರಪ್ಪ ಓಡಿ ಗುರುಸಿದ್ದನ ಕೊರಳಪಟ್ಟಿ ಹಿಡಿದ. “ವಿಷ ಹಾಕ್ದೆಯೇನೋ! ಆ ಬಾಟ್ಲೀಲಿ ಏನ್ ತರ್ತಿದ್ದೆ, ಹೇಳು!”

ಗುರುಸಿದ್ದ ಕೈ ಬಿಡಿಸಿಕೊಳ್ಳಲಿಲ್ಲ. ಸತ್ತ ಮರಿಗಳನ್ನು ನೋಡಿ ಅವನ ಕಣ್ಣೂ ತುಂಬಿತ್ತು. ಉಗ್ರಪ್ಪನ ಹಿಡಿತ ಸಡಿಲಾದ ಮೇಲೆ ಚೀಲದಿಂದ ಎರಡು ಖಾಲಿ ಬಾಟಲಿ ತೆಗೆದ. ಒಂದಕ್ಕೆ ಮೂರನೆಯ ಹೊಂಡದ ನೀರು, ಇನ್ನೊಂದಕ್ಕೆ ಕೆರೆಯ ನೀರು. ಎರಡಕ್ಕೂ ಹೊಂಡದಿಂದ ಎರಡೆರಡು ಮರಿ ಹಿಡಿದು ಬಿಟ್ಟು, ಬದುವಿನ ಮೇಲಿಟ್ಟ.

“ನೋಡ್ರಿ, ಯಜಮಾನ್ರ.”

ಹೊಂಡದ ನೀರಿನವು ಆಡಿಕೊಂಡಿದ್ದವು. ಕೆರೆ ನೀರಿನವು ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟವು. ಒಂದು ಬೀಡಿ ಸೇದುವಷ್ಟು ಹೊತ್ತಿಗೆ ಪಕ್ಕಕ್ಕೆ ವಾಲಿದವು.

“ಕೆರಿಗೆ ಚರಂಡಿ ನೀರು ಬರ್ತದ್ರಿ. ದೊಡ್ಡ ಮಳಿ ಬಂದ್ರ ತೆಳ್ಳಗಾಗಿ ಮೀನು ಬದುಕ್ತಾವು. ಈ ಸಲ ಮಳಿ ಇಲ್ಲ, ನೀರಾಗ ಉಸುರೇ ಇಲ್ಲ. ಅದನ್ನ ಹೇಳಾಕ ಬಂದಿದ್ದೆ.”

ಉಗ್ರಪ್ಪನಿಗೆ ಅಪ್ಪನ ಮಾತು ನೆನಪಾಯಿತು. ಮಳೆ ಬರದೆ ಬದು ಮುಟ್ಟಬೇಡ ಎಂದಿದ್ದ ಮುದುಕ. ಕಾಯಬೇಕಾದವನೇ ಕೊಂದೆನಲ್ಲ ಎಂದುಕೊಂಡ. ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿ, ಬದುಕಿದ್ದ ಎರಡು ಮರಿಗಳನ್ನು ಮೂರನೆಯ ಹೊಂಡಕ್ಕೆ ಬಿಟ್ಟ.

ಎದ್ದು ಸನಿಕೆಯನ್ನು ಗುರುಸಿದ್ದನ ಕಡೆ ಚಾಚಿದ.

“ಹಿಡ್ಕೊ.”

“ಯಾಕ್ರೀ? ಇದು ನಿಮ್ಮ ಮನೆತನದ್ದು.”

“ಅದ್ಕೇ. ದೊಡ್ಡ ಮಳೆ ಬರೋಗಂಟ ನಿನ್ ರೂಮಲ್ಲಿ ಇಟ್ಕೊ. ನಡುವೆ ನಾನೇ ಬಂದು ಕಾಲಿಗೆ ಬಿದ್ದು ಕೇಳುದ್ರೂ ಕೊಡ್ಬೇಡ.” ಉಗ್ರಪ್ಪ ಮುಖ ತಿರುಗಿಸಿಕೊಂಡ. “ಆ ಉಗ್ರಪ್ಪನ್ನ ಮಾತ್ರ ನಂಬಬೇಡ ಕಣಪ್ಪ.”