ನಿಂತಂತೆ ಕಾಣುವ ಟೀ ಧಾರೆ

ರಾಮನಾಥಪುರದ ಬಸ್ ನಿಲ್ದಾಣದ ಎದುರು ಟೀ ಅಂಗಡಿ ನಡೆಸುವ ದಾಕ್ಷಾಯಣಮ್ಮ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ದೇವರಿಗೆ ದೀಪ ಹಚ್ಚಿ, ಆ ಉರಿಯನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂರುತ್ತಾರೆ. ಉರಿ ಅಲ್ಲಾಡುವುದು ಇವತ್ತಾದರೂ ಕಂಡೀತೇ ಎಂದು. ಕಾಣುವುದಿಲ್ಲ. ಕೈಮುಗಿದು ಎದ್ದು ಸ್ಟೌ ಹೊತ್ತಿಸುತ್ತಾರೆ. ಜ್ವರ ಬಂದಾಗಲೂ ಇದನ್ನು ತಪ್ಪಿಸಿದವರಲ್ಲ.

೧೯೯೮ರಲ್ಲಿ ವಿಪರೀತ ತಲೆನೋವು ಬಂದು ಅವರು ಆಸ್ಪತ್ರೆ ಸೇರಿದ್ದರು. ವಾಪಸು ಬಂದ ಮೇಲೆ ಅವರ ಟೀ ಲೋಟ ತುಂಬಿ, ಕೆಳಗಿನ ತಟ್ಟೆಯೂ ತುಂಬಿ ಬರತೊಡಗಿತು. ತಂಬಾಕು ಹರಾಜಿಗೆ ಬಂದ ರೈತರಿಗೆ ಖುಷಿಯೋ ಖುಷಿ.

"ಅವ್ವನ ಕೈ ದೊಡ್ಡದಾಗೈತೆ ಕಣ್ಲಾ! ಒಂದ್ ಟೀ ಏಳು, ಇಬ್ರೂ ಕುಡಿಯಾನ."

ಗಂಡ ಗಂಗಾಧರಯ್ಯನವರು ನಗಲಿಲ್ಲ. ಹಾಸನಕ್ಕೆ ಕರೆದೊಯ್ದು ಕನ್ನಡಕ ಮಾಡಿಸಿದರು. ಬಸ್ಸಿನ ಬೋರ್ಡು ಚೆನ್ನಾಗಿ ಕಂಡಿತು, ಟೀ ಮಾತ್ರ ಚೆಲ್ಲುತ್ತಲೇ ಇತ್ತು. ಒಂದು ದಿನ ರಸ್ತೆ ದಾಟುವಾಗ ದಾಕ್ಷಾಯಣಮ್ಮ ಬಸ್ಸಿನಡಿ ಸಿಕ್ಕುವುದರಲ್ಲಿದ್ದರು. ಡ್ರೈವರು ಬ್ರೇಕು ಒತ್ತಿದ್ದರಿಂದ ಉಳಿದರು.

"ಅದು ಬರ್ಲೇ ಇಲ್ಲ ಕಣ್ರೀ. ಅಲ್ಲಿತ್ತು, ಆಮ್ಯಾಕೆ ಇಲ್ಲಿತ್ತು" ಎಂದು ಗಂಡನ ಮುಂದೆ ಅತ್ತರು.

ಮೈಸೂರಿನ ನರರೋಗದ ಡಾಕ್ಟರು ಮುರಳೀಕೃಷ್ಣ ಎಲ್ಲ ಕೇಳಿಸಿಕೊಂಡು, ತಮ್ಮ ಪೆನ್ನನ್ನು ನೆಟ್ಟಗೆ ಹಿಡಿದು ತೋರಿಸಿದರು. "ನೋಡಿ ತಾಯಿ, ಕಣ್ಣು ಕಂಡದ್ದನ್ನ ಮಿದುಳಿನ ಹಿಂಭಾಗದ ಜೀವಕೋಶಗಳು ಹಂಚಿಕೊಂಡು ನೋಡ್ತವೆ. ಪೆನ್ನು ಹೀಗೆ ನಿಂತಿದ್ದರೆ ಕೆಲವು ಚುರುಕಾಗ್ತವೆ. ಓರೆ ಮಾಡಿದರೆ ಅವು ಸುಮ್ಮನಾಗಿ ಬೇರೆಯವು ಏಳ್ತವೆ. ಬಣ್ಣಕ್ಕೆ ಬೇರೆ, ಮುಖಕ್ಕೆ ಬೇರೆ. ಏನಾದರೂ ಚಲಿಸಿದಾಗ ಏಳೋದೇ ಇನ್ನೊಂದು ಗುಂಪು. ರಕ್ತ ಕಟ್ಟಿ ನಿಮಗೆ ಆ ಜಾಗ ಹಾಳಾಗಿದೆ. ಮಿಕ್ಕಿದ್ದೆಲ್ಲ ಸರಿಯಿದೆ."

"ಅವು ಮತ್ತೆ ಉಟ್ಟಲ್ವಾ ಸಾ?"

"ಇಲ್ಲ ತಾಯಿ."

ಅಂಗಡಿ ಮುಚ್ಚೋಣ ಎಂದರು ಗಂಗಾಧರಯ್ಯ. ಕುದಿಯುವ ಪಾತ್ರೆಯ ಮುಂದೆ ಹೆಂಡತಿಯನ್ನು ನಿಲ್ಲಿಸಲು ಅವರಿಗೆ ಧೈರ್ಯವಿರಲಿಲ್ಲ.

"ಬರೋ ವರ್ಸದ ಅರಾಜು ಮುಗಿಯೋಗಂಟ ಬುಡಿ" ಎಂದರು ದಾಕ್ಷಾಯಣಮ್ಮ. "ಒಬ್ಬರ ಕೈ ಸುಟ್ರೂ ನಾನೇ ಬೀಗ ಆಕ್ತೀನಿ."

ಸುರಿಯುವ ಟೀ ಅವರ ಕಣ್ಣಿಗೆ ಪಾತ್ರೆಗೂ ಲೋಟಕ್ಕೂ ಕಟ್ಟಿದ ಕಂದು ಹಗ್ಗದಂತೆ ನಿಂತಿರುತ್ತದೆ. ಲೋಟ ತುಂಬುವುದು ಕಾಣುವುದಿಲ್ಲ. ಆದರೆ ಕೇಳಿಸುತ್ತದೆ: ಮೊದಲು ದಪ್ಪಗಿರುವ ಸದ್ದು ಲೋಟ ತುಂಬುತ್ತ ಬಂದಂತೆ ಸಣ್ಣ ದನಿಗೆ ಏರುತ್ತದೆ. ಮನೆಯಲ್ಲಿ ತಣ್ಣೀರು ಸುರಿದು ಸುರಿದು, ಎಲ್ಲಿ ಕೈ ತಡೆಯಬೇಕೆಂದು ಕಲಿತರು.

ಮರುವರ್ಷ ಹರಾಜು ಶುರುವಾದಾಗ ಹೊಸ ತೊಂದರೆ. ತಂಬಾಕಿನ ದರದ ಮೇಲೆ ಜಗಳವಾಡುವವರ ಗದ್ದಲದಲ್ಲಿ ಸದ್ದೇ ಕೇಳದು. ಪಾತ್ರೆ ಕೆಳಗಿಟ್ಟು, ಆವರೆಗೆ ಯಾವ ಗಿರಾಕಿಗೂ ಹೇಳದಿದ್ದುದನ್ನು ಎಲ್ಲರಿಗೂ ಹೇಳಿದರು. "ಉಯ್ಯೋದು ನಂಗೆ ಕಾಣ್ಸಕ್ಕಿಲ್ಲ, ಕಿವೀಲಿ ನೋಡ್ತೀನಿ. ವಸಿ ಬಾಯ್ ಮುಚ್ಕಳಿ!"

ಮಂಗಳಾರತಿಯ ಹೊತ್ತಿನಂತೆ ಎಲ್ಲರೂ ಮಾತು ನಿಲ್ಲಿಸಿದರು. ಮಾರನೆಯ ದಿನದಿಂದ ಅದೇ ಪದ್ಧತಿಯಾಯಿತು. ಯಾರಾದರೂ ಹೊಸಬ ಬಾಯಿ ತೆರೆದರೆ ಪಕ್ಕದವನೇ ತಿವಿಯುತ್ತಿದ್ದ: "ಸುಮ್ಕಿರ್ಲಾ, ಅವ್ವ ಟೀ ಉಯ್ತಾವ್ರೆ."

ಹರಾಜು ಮುಗಿಯಿತು. ಯಾರ ಕೈಯೂ ಸುಡಲಿಲ್ಲ. ಅಂಗಡಿ ಮುಚ್ಚುವ ಮಾತನ್ನು ಗಂಗಾಧರಯ್ಯ ಮತ್ತೆ ಎತ್ತಲಿಲ್ಲ.

ಆಗ ಪಕ್ಕದ ಹೋಟೆಲಿನ ಚಂದ್ರಯ್ಯ ಬಂದ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. "ಅಕ್ಕಾ, ನಮ್ ಓಟ್ಲಲ್ಲಿ ಕೆಲ್ಸ ಮಾಡೋ ಮಲ್ಲಿಗಮ್ಮನ್ನ ಕಳಿಸ್ತೀನಿ, ಸಂಬ್ಳ ನಂದು. ಅವ್ಳು ಉಯ್ಯಲಿ, ನೀವು ಗಲ್ಲಾ ತಾವ ಆರಾಮಾಗಿ ಕೂತ್ಕಳಿ."

"ನೀನು ಕೇಳಿದ್ದೇ ಸಂತೋಸ ಕಣಪ್ಪ" ಎಂದರು ದಾಕ್ಷಾಯಣಮ್ಮ. "ಆದ್ರೆ ಬ್ಯಾಡ. ಅವ್ಳು ಉಯ್ದ್ರೆ ಅದು ಅವ್ಳ ಟೀ ಆಯ್ತದೆ."