ಶಿವಲಿಂಗಮ್ಮನವರ ಬಿಲ್ಲೆ ಸಂಸಾರ

ಮದುವೆಯಾದ ಹೊಸದರಲ್ಲಿ ನಾನು ನಮ್ಮತ್ತೆ ಶಿವಲಿಂಗಮ್ಮನವರನ್ನು ಬೈದುಕೊಂಡಷ್ಟು ಇನ್ಯಾರನ್ನೂ ಬೈದುಕೊಂಡಿಲ್ಲ. ಜೋರಾಗಿ ಅಲ್ಲ, ಪಾತ್ರೆ ತೊಳೀತಾ ಮನಸ್ಸಲ್ಲೇ. ಜುಗ್ಗಿ, ಪಿಟ್ಟಾಸಿ, ಎಂಜಲು ಕೈಯಲ್ಲಿ ಕಾಗೆ ಓಡಿಸದವರು. ಈಗ ಅದನ್ನೆಲ್ಲ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಒಂದು ಏಟು ಹಾಕಬೇಕು ಅನ್ನಿಸುತ್ತೆ.

ಟಿ. ದಾಸರಹಳ್ಳಿಯಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಅಡುಗೆಮನೆ ಬಾಗಿಲ ಪಕ್ಕ ಒಂದು ಹಲಗೆ, ಹಲಗೆ ಮೇಲೆ ನಾಲ್ಕು ಸಾಲು ಮೊಳೆ. ಒಂದೊಂದು ಸಾಲಿಗೆ ಒಂದೊಂದು ಹೆಸರು: ಅತ್ತೆ, ನನ್ನ ಗಂಡ ಹರ್ಷವರ್ಧನ, ನಾನು ಮಾಲಾ, ಎಂಟು ವರ್ಷದ ಮಗಳು ಶರಣ್ಯ. ತಿಂಗಳ ಮೊದಲ ದಿನ ಒಬ್ಬೊಬ್ಬರ ಮೊಳೆಗೂ ನಾಲ್ಕು ಹಿತ್ತಾಳೆ ಬಿಲ್ಲೆ ಬೀಳುತ್ತೆ. ಬಾಡಿಗೆ, ರೇಷನ್, ಹಾಲು, ಸ್ಕೂಲ್ ಫೀಸು, ಔಷಧಿ ಇವಕ್ಕೆಲ್ಲ ಬಿಲ್ಲೆ ಬೇಡ, ಅದನ್ನು ಹರ್ಷನ ಸಂಬಳದಲ್ಲಿ ಅತ್ತೆ ಮೊದಲೇ ತೆಗೆದಿಟ್ಟಿರುತ್ತಾರೆ. ಅದು ಬಿಟ್ಟು ಏನೇ ಬೇಕಿದ್ದರೂ ಬಿಲ್ಲೆ ತಗೊಂಡು ಹೋಗಿ ಅತ್ತೆ ಮುಂದೆ ನಿಲ್ಲಬೇಕು. ಒಂದು ಬಿಲ್ಲೆಗೆ ಐನೂರು ರೂಪಾಯಿ. ಏನಕ್ಕೆ ಅಂತ ಹೇಳಬೇಕು. ಹಳೇ ಚಪ್ಪಲಿ ತಂದು ತೋರಿಸಿದರೇನೇ ಹೊಸ ಚಪ್ಪಲಿಗೆ ದುಡ್ಡು. ದೊಡ್ಡ ಸಾಮಾನು ಬೇಕಾ, ತಿಂಗಳುಗಟ್ಟಲೆ ಬಿಲ್ಲೆ ಉಳಿಸ್ಕೋ. ನಮ್ಮ ಮಿಕ್ಸಿ ಏಳು ಬಿಲ್ಲೆಗೆ ಬಂದಿದ್ದು. ಅಲ್ಲಿವರೆಗೆ ಒರಳುಕಲ್ಲಲ್ಲಿ ರುಬ್ಬಿದ್ದೀನಿ, ರುಬ್ಬುತ್ತಾ ಬೈದಿದ್ದೀನಿ.

ಈ ಬಿಲ್ಲೆ ಬಂದಿದ್ದು ಪೀಣ್ಯದ ಒಂದು ಫ್ಯಾಕ್ಟರಿಯಿಂದ. ಮಾವ ಅಲ್ಲಿ ಲೇತ್ ಮೆಷಿನ್ ಓಡಿಸೋ ಟರ್ನರ್ ಆಗಿದ್ದರಂತೆ. ಅವರು ತೀರಿಕೊಂಡಾಗ ಹರ್ಷನಿಗೆ ಎಂಟು ವರ್ಷ, ಅತ್ತೆಗೆ ಮೂವತ್ತನಾಲ್ಕು. ಕಂಪನಿಯವರು ಪಾಪ ಅಂತ ಅತ್ತೆಗೆ ಟೂಲ್ ರೂಮಿನಲ್ಲಿ ಕೆಲಸ ಕೊಟ್ಟರು. ತಂತಿ ಜಾಲರಿ ಹಿಂದೆ ಕೂತು ವರ್ಕರುಗಳಿಗೆ ಕಬ್ಬಿಣ ಕೊರೆಯೋ ಡ್ರಿಲ್ ಬಿಟ್, ಸ್ಪ್ಯಾನರು, ಅಳತೆ ಸಾಮಾನು ಕೊಡೋ ಕೆಲಸ. ಪ್ರತಿಯೊಬ್ಬನಿಗೂ ಅವನ ನಂಬರಿನ ಬಿಲ್ಲೆ. ಬಿಲ್ಲೆ ಕೊಟ್ಟು ಟೂಲು ತಗೋಬೇಕು, ಟೂಲು ವಾಪಸ್ ಕೊಟ್ಟರೆ ಬಿಲ್ಲೆ ವಾಪಸ್. ಏಳನೇ ಕ್ಲಾಸು ಓದಿದ ಹೆಂಗಸು, ಇನ್ನೂರು ಗಂಡಸರು, ಇಪ್ಪತ್ತನಾಲ್ಕು ವರ್ಷ. ಒಂದು ಟೂಲೂ ಲೆಕ್ಕ ತಪ್ಪಲಿಲ್ಲ ಅಂತ ಹರ್ಷ ಇವತ್ತಿಗೂ ಹೇಳ್ತಾರೆ. ಕಂಪನಿ ಹೊಸ ಬಿಲ್ಲೆ ಮಾಡಿಸಿ ಹಳೇದನ್ನು ಗುಜರಿಗೆ ಹಾಕೋಕೆ ಹೊರಟಾಗ ಅತ್ತೆ ಸಾಹೇಬರನ್ನು ಕೇಳಿ ಒಂದು ಚೀಲ ಮನೆಗೆ ತಂದರು. ಆ ಸಂಬಳದಲ್ಲಿ, ಆ ಬಿಲ್ಲೆಯಲ್ಲೇ ಮಗನನ್ನು ಡಿಪ್ಲೊಮಾ ಓದಿಸಿದರು.

ನಾನು ಬಂದಿದ್ದೋ ಹೆಬ್ಬಗೋಡಿಯಿಂದ. ನಮ್ಮಪ್ಪ ಚಿಕ್ಕಬೈರಪ್ಪ ಅಂದರೆ ಅಲ್ಲಿ ಎಲ್ಲರಿಗೂ ಗೊತ್ತು, ಇದ್ದ ಜಮೀನಲ್ಲಿ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆ ತಿನ್ನೋರು. ನಮ್ಮನೇಲಿ ದುಡ್ಡು ಅಂದರೆ ಅಪ್ಪನ ಜೇಬಿಗೆ ಕೈ ಹಾಕೋದು, ಅಷ್ಟೇ. ಜೇಬಲ್ಲಿ ಇಲ್ಲದಿದ್ದರೆ ಸಾಲ. ಮದುವೆ, ಸೀಮಂತ, ನಾಮಕರಣ ಬಂದರೆ ಯಾರು ಏನು ತಂದರು ಅಂತ ಕೈ ನೋಡೋ ಜನ ನಾವು. ಕಡಿಮೆ ತಂದವರ ಹೆಸರು ಮೂರು ವರ್ಷ ಬಾಯಿಂದ ಬಾಯಿಗೆ ಓಡಾಡುತ್ತೆ.

ನನ್ನ ತಂಗಿ ಶೀತಲ್ ಸೀಮಂತ ಬಂದಿದ್ದೇ ಬಂದಿದ್ದು, ನನಗೆ ಜ್ವರ ಬಂದಂಗಾಯ್ತು. ಅವಳ ನಾದಿನಿಯರು ಬಂಗಾರ ಕೊಡ್ತಾರಂತೆ. ಅಕ್ಕ ಆದವಳು ಸ್ಟೀಲ್ ತಟ್ಟೆ ಹಿಡಿದುಕೊಂಡು ಹೋಗೋಕಾಗುತ್ತಾ? ನನ್ನ ಮೊಳೆ ಮೇಲೆ ಮೂರು ಬಿಲ್ಲೆ ಇತ್ತು. ಅತ್ತೆ ಮುಂದೆ ನಿಂತು ‘ನಮ್ಮೋರು ಕೈ ನೋಡ್ತಾರೆ’ ಅಂತ ಹೇಳೋಕೆ ನನಗೇ ನಾಚಿಕೆ. ಫೋನಲ್ಲಿ ‘ಈಗ ತಗೊಳ್ಳಿ, ಆಮೇಲೆ ಕಟ್ಟಿ’ ಅನ್ನೋ ಒಂದು ಆ್ಯಪ್ ಇತ್ತು. ಅದರಲ್ಲಿ ಬೆಳ್ಳಿ ತಟ್ಟೆ ತಗೊಂಡೆ. ಬೆಳ್ಳಿ ತಟ್ಟೆ ಹಿಡಿದವಳು ಹಳೇ ಸೀರೆ ಉಟ್ಟರೆ ಚೆನ್ನಾಗಿರಲ್ಲ ಅಂತ ಒಂದು ರೇಷ್ಮೆ ಸೀರೆನೂ ತಗೊಂಡೆ. ಮನೇಲಿ ಅಮ್ಮ ಕೊಡಿಸಿದ್ದು ಅಂದೆ. ಯಾರೂ ಏನೂ ಕೇಳಲಿಲ್ಲ.

ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ಬರೋ ಐದು ಸಾವಿರ ನನ್ನದೇ, ಅದಕ್ಕೆ ಅತ್ತೆ ಯಾವತ್ತೂ ಕೈ ಚಾಚಿಲ್ಲ. ಅದರಲ್ಲೇ ಆ್ಯಪಿನ ಕಂತು ಕಟ್ಕೊಂಡು ಹೋಗ್ತಿದ್ದೆ. ಏಪ್ರಿಲ್ ಬಂತು ನೋಡಿ, ಮಕ್ಕಳೆಲ್ಲ ಬೇಸಿಗೆ ರಜೆಗೆ ಊರಿಗೆ ಹೋದವು. ಅದೇ ಹೊತ್ತಿಗೆ ಹರ್ಷನ ಫ್ಯಾಕ್ಟರಿಯಲ್ಲಿ ಆರ್ಡರ್ ಇಲ್ಲ ಅಂತ ಅರ್ಧ ಸಂಬಳ ಮಾಡಿಬಿಟ್ಟರು. ಎರಡು ಕಂತು ತಪ್ಪಿತು. ಬಡ್ಡಿ, ದಂಡ, ಇನ್ನೇನೋ ಸುಡುಗಾಡು ಸೇರಿಸಿದರು. ಆಮೇಲೆ ಶುರುವಾಯ್ತು ಫೋನು. ‘ಮೇಡಂ, ಸೋಮವಾರದೊಳಗೆ ಪೂರ್ತಿ ಕಟ್ಟಲಿಲ್ಲ ಅಂದ್ರೆ ನಿಮ್ಮ ಫೋನಲ್ಲಿರೋ ಎಲ್ಲಾ ನಂಬರಿಗೂ ಕಾಲ್ ಮಾಡ್ತೀವಿ. ನಿಮ್ಮ ಹಸ್ಬೆಂಡು, ಅತ್ತೆ, ಎಲ್ಲರಿಗೂ.’

ಅಪ್ಪನನ್ನು ಕೇಳೋಣ ಅಂದರೆ ಅಪ್ಪ ಸೀದಾ ಕಾರು ಹತ್ತಿ ಬಂದು ‘ನನ್ನ ಮಗಳನ್ನ ಬಿಲ್ಲೆ ಮೇಲೆ ಇಟ್ಟಿದ್ದೀರಾ’ ಅಂತ ಹರ್ಷನ ಮೇಲೆ ಎಗರಾಡ್ತಾರೆ. ಅರ್ಧ ಸಂಬಳಕ್ಕೆ ಮುಖ ಸಣ್ಣಗೆ ಮಾಡಿಕೊಂಡಿದ್ದ ಗಂಡನಿಗೆ ಹೇಳೋ ಧೈರ್ಯ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ನಂದು ಒಂದು ಬೆಳ್ಳಿ ತಟ್ಟೆಗೆ ಹೋಗೋ ಹಂಗಿತ್ತು. ಮೂರು ದಿನ ಊಟ ಸೇರಲಿಲ್ಲ. ಅತ್ತೆ ಫೋನ್ ರಿಂಗ್ ಆದರೆ ಯಾರದು ಅಂತ ಓಡಿ ಹೋಗಿ ಬಗ್ಗಿ ನೋಡ್ತಿದ್ದೆ.

ಈ ಮಧ್ಯೆ ಒಂದು ವಿಷಯ ನನಗೆ ಅರ್ಥವೇ ಆಗ್ತಿರಲಿಲ್ಲ. ಅರ್ಧ ಸಂಬಳ ಬಂದು ಎರಡು ತಿಂಗಳಾಗಿತ್ತು, ಆದರೂ ನಮ್ಮ ಮನೇಲಿ ಒಂದು ಲೋಟ ಹಾಲು ಕಡಿಮೆಯಾಗಿರಲಿಲ್ಲ. ಭಾನುವಾರದ ಕೋಳಿ ಸಾರು ನಿಂತಿರಲಿಲ್ಲ. ಮೊಳೆ ಮೇಲೆ ನಾಲ್ಕು ಬಿಲ್ಲೆ ನಾಲ್ಕೇ. ಕೇಳಿದ್ದಕ್ಕೆ ಅತ್ತೆ, ‘ನಾನು ನಾಲ್ಕು ಬಿಲ್ಲೆ ಅಂತ ಲೆಕ್ಕ ಹಾಕಿದ್ದು ಅರ್ಧ ಸಂಬಳಕ್ಕೇ ಕಣಮ್ಮ. ಇಷ್ಟು ವರ್ಷ ಪೂರ್ತಿ ಸಂಬಳ ಬಂತು, ಅದು ನಮ್ಮ ಪುಣ್ಯ’ ಅಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಊರೆಲ್ಲ ಹೇಳುತ್ತೆ. ಹಾಸಿಗೆ ಅರ್ಧ ಮಡಚಿಹೋಗೋ ದಿನಕ್ಕೆ ಅಂತ ಹತ್ತು ವರ್ಷ ಮೊದಲೇ ಕಾಲು ಮಡಚಿಕೊಂಡವರನ್ನು ನಾನು ನೋಡಿದ್ದು ಇವರೊಬ್ಬರನ್ನೇ.

ಶುಕ್ರವಾರ ಮಧ್ಯಾಹ್ನ ಅತ್ತೆ ನೆಲದಲ್ಲಿ ಕೂತು ದಂಟಿನ ಸೊಪ್ಪು ಬಿಡಿಸ್ತಿದ್ದರು. ಹರ್ಷ ಕೆಲಸಕ್ಕೆ ಹೋಗಿದ್ದರು, ಶರಣ್ಯ ಪಕ್ಕದ ಮನೇಲಿ ಆಡ್ತಿದ್ದಳು. ನಾನು ಎದುರಿಗೆ ಕೂತು ಒಂದು ಕಟ್ಟು ಸೊಪ್ಪು ಎಳಕೊಂಡೆ.

‘ಅತ್ತೆ, ನಾನೊಂದು ತಪ್ಪು ಮಾಡಿದ್ದೀನಿ’ ಅಂದೆ.

ತಟ್ಟೆ ಹೇಳಿದೆ, ಸೀರೆ ಹೇಳಿದೆ, ಅಮ್ಮ ಕೊಡಿಸಿದ್ದು ಅಂದಿದ್ದು ಸುಳ್ಳು ಅಂತ ಹೇಳಿದೆ. ಕೈ ನೋಡೋ ವಿಷಯಾನೂ ಹೇಳಿದೆ. ಅಳು ಬಂತು, ಅತ್ತುಬಿಟ್ಟೆ. ಅವರು ಸೊಪ್ಪು ಬಿಡಿಸೋದನ್ನು ನಿಲ್ಲಿಸಲಿಲ್ಲ.

‘ಟೂಲ್ ರೂಮಲ್ಲಿ ಒಂದ್ಸಲ ಜಗಳ ಆಗಿತ್ತು’ ಅಂದರು. ‘ಡ್ರಿಲ್ ಬಿಟ್ ಮುರಿದೋರ ಸಂಬಳ ಕಟ್ ಮಾಡಿ ಅಂತ ಸಾಹೇಬ್ರು. ನಾನು ಬೇಡ ಅಂದೆ. ಕಟ್ ಮಾಡಿದ್ರೆ ಮುರಿದಿದ್ದನ್ನ ಯಾರೂ ತರಲ್ಲ ಸಾರ್, ಬಚ್ಚಿಡ್ತಾರೆ, ಮೊಂಡಾಗಿರೋದ್ರಲ್ಲೇ ಕೆಲಸ ಮಾಡಿ ಮಾಲು ಕೆಡಿಸ್ತಾರೆ ಅಂದೆ. ಎಂಥ ಒಳ್ಳೆ ಕೆಲಸದವನ ಕೈಲೂ ವರ್ಷಕ್ಕೊಂದಾದ್ರೂ ಮುರಿಯುತ್ತೆ. ಅದಕ್ಕೇ ಅಂತ ಮೊದಲೇ ದುಡ್ಡು ಎತ್ತಿಡಬೇಕು. ಮನೇಲೂ ಅಂಗೇ ಕಣಮ್ಮ.’

ಎದ್ದು ಹೋಗಿ ಒಳಗಿನಿಂದ ಒಂದು ಹಳೇ ಬಿಸ್ಕತ್ತು ಡಬ್ಬ ತಂದರು. ಅದರೊಳಗೆ ಒಂದು ಪುಟ್ಟ ನೋಟ್‌ಬುಕ್ಕು. ಇಪ್ಪತ್ತೊಂಬತ್ತು ವರ್ಷದಿಂದ ತಿಂಗಳು ತಿಂಗಳು ಎತ್ತಿಟ್ಟ ದುಡ್ಡು, ಮೊದಮೊದಲು ಐವತ್ತು, ಈಗ ಐನೂರು, ಮೇಲೆ ‘ಮುರಿತ’ ಅಂತ ಬರೆದಿದೆ. ಖರ್ಚಿನ ಕಡೆ ಬರೀ ಐದಾರು ಸಾಲು. ಹರ್ಷ ಕಾಲೇಜಲ್ಲಿದ್ದಾಗ ಯಾರದೋ ಬೈಕ್ ತಗೊಂಡು ಹೋಗಿ ಗೋಡೆಗೆ ಗುದ್ದಿದ್ದು. ಒಂದು ಸಾಲಲ್ಲಿ ಅತ್ತೆಯದೇ ಹೆಸರು: ‘ನಾನು, ಚೀಟಿ ಹೆಂಗಸನ್ನು ನಂಬಿದ್ದು, ಹದಿನೆಂಟು ಸಾವಿರ.’ ತನ್ನ ತಪ್ಪನ್ನು ತಾನೇ ಬರೆದಿಟ್ಟುಕೊಂಡಿದ್ದಾರೆ, ಮಗನ ತಪ್ಪಿನ ಪಕ್ಕದಲ್ಲೇ. ನಾವೆಲ್ಲ ಒಳ್ಳೆ ದಿನಕ್ಕೆ ಕೂಡಿಡ್ತೀವಿ, ಕಾಯಿಲೆಗೆ ಕೂಡಿಡ್ತೀವಿ. ಮನೆಯವರು ಒಂದಲ್ಲ ಒಂದು ದಿನ ತಪ್ಪು ಮಾಡೇ ಮಾಡ್ತಾರೆ ಅಂತ ಅದಕ್ಕೂ ತಿಂಗಳು ತಿಂಗಳು ದುಡ್ಡು ಎತ್ತಿಡೋರು ಎಲ್ಲಿದ್ದಾರೆ ಹೇಳಿ.

ಡಬ್ಬದಿಂದ ರಬ್ಬರ್ ಬ್ಯಾಂಡ್ ಹಾಕಿದ ನೋಟಿನ ಕಟ್ಟು ತೆಗೆದು ನನ್ನ ಮಡಿಲಿಗೆ ಇಟ್ಟರು.

‘ಮೂವತ್ತೊಂದು ಸಾವಿರದ ನಾನೂರು. ಟ್ಯೂಷನ್ ಶುರುವಾದ ಮೇಲೆ ತಿಂಗಳಿಗೆ ಎರಡು ಸಾವಿರ ಇದರೊಳಕ್ಕೆ ವಾಪಸ್ ಹಾಕು. ಮುಂದೆ ಮುರಿಯೋರಿಗೆ ಬೇಕಾಗುತ್ತೆ.’

ನಾನು ಕಣ್ಣೊರೆಸಿಕೊಳ್ತಾ ಇದ್ದವಳು ತಲೆ ಎತ್ತಿ ಅವರ ಮುಖ ನೋಡಿದೆ. ಎಷ್ಟು ಕಟ್ಟಬೇಕು ಅಂತ ನಾನು ಬಾಯೇ ಬಿಟ್ಟಿರಲಿಲ್ಲ.

‘ಅತ್ತೆ, ನಿಮಗೆ ಲೆಕ್ಕ ಯಾರು ಹೇಳಿದ್ರು?’

‘ಆ ಆ್ಯಪಿನ ಹುಡುಗ ನನಗೆ ಫೋನ್ ಮಾಡಿ ಹದಿನೈದು ದಿನ ಆಯ್ತು. ಲೆಕ್ಕ ಅವನೇ ಹೇಳಿದ. ಹರ್ಷನಿಗೆ ಮಾಡ್ಬೇಡಪ್ಪ, ಅವಳು ಕಟ್ಟದಿದ್ರೆ ಈ ಸೋಮವಾರ ನಾನೇ ಕಟ್ತೀನಿ ಅಂದಿದ್ದೆ. ಅಲ್ಲೀವರೆಗೂ ಅವಳಿಗೆ ಟೈಮ್ ಕೊಡು ಅಂದೆ.’

ಹದಿನೈದು ದಿನ. ನಾನು ಅವರ ಫೋನ್ ರಿಂಗಿಗೆ ಬೆಚ್ಚಿ ಬೀಳ್ತಿದ್ದಾಗ, ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸ್ತಿದ್ದರು.

‘ಗೊತ್ತಿದ್ದೂ ನನ್ನ ಒಂದು ಮಾತು ಕೇಳಲಿಲ್ವಲ್ಲ ಅತ್ತೆ?’ ಅಂದೆ.

‘ಕೇಳಿದ್ರೆ ಹೆದರ್ಕೊಂಡು ಇಲ್ಲ ಅಂದ್ಬಿಡ್ತಿದ್ದೆ ನೀನು’ ಅಂದರು, ಸೊಪ್ಪಿನ ಕಡೆ ನೋಡ್ತಾ. ‘ಆ ಸಾಲ ಆದ್ರೆ ಡಬ್ಬದಲ್ಲಿರೋ ದುಡ್ಡಲ್ಲಿ ತೀರುತ್ತೆ. ನನ್ನ ಮುಖ ನೋಡ್ಕೊಂಡು ನೀನು ಸುಳ್ಳು ಹೇಳಿದ್ರೆ, ಅದನ್ನ ನಾನು ಎಲ್ಲಿಂದ ತಂದು ತೀರಿಸ್ಲಿ?’